ಶುಕ್ರವಾರದ ಒಂದು ನಿಮಿಷ

ಮಾರ್ಚ್ ೧೨, ಗುರುವಾರ
ದುಂಡು ಮೇಜಿನ ಕೋಣೆಯಿಂದ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ

ಅಕ್ಕಾ,

ನಾವಿಲ್ಲಿ ಕ್ಷೇಮ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಆ ಸಾಲು ಇವತ್ತು ಬೇಡ. ಮೊನ್ನೆ ಮಂಗಳವಾರ ಮೀಟಿಂಗ್ ಮುಗಿಸಿ ಶಾಲೆಯ ಗೇಟಿನ ಹತ್ತಿರ ನಿಂತಾಗ ನೀನು ನನ್ನ ಕೈ ಹಿಡಿದುಕೊಂಡು, "ಒಳಗೆ ಅವ್ರು ಹೇಳಿದ್ದು ಅರ್ಧಾನೂ ತಲೆಗೆ ಹೋಗ್ಲಿಲ್ಲ ಕಣೇ. ಎಲ್ಲ ಬಿಡಿಸಿ ಒಂದು ಕಾಗದದಲ್ಲಿ ಬರ್ಕೊಡೇ ಪಂಡಿತೆ, ಮನೇಲಿ ನಿಧಾನಕ್ಕೆ ನೋಡ್ಕೋತೀನಿ" ಅಂದೆಯಲ್ಲ, ಅದಕ್ಕೇ ಈ ಕಾಗದ. ಎರಡು ಬಸ್ ಸ್ಟಾಪ್ ಆಚೆಗಿರುವ ಅಕ್ಕನಿಗೆ ತಂಗಿ ಕಾಗದ ಬರೆಯುವುದನ್ನು ಯಾರಾದರೂ ನೋಡಿದರೆ ನಗುತ್ತಾರೆ. ನಗಲಿ. ಎದುರಿಗೆ ಕೂತು ಹೇಳಬೇಕಾದ ಮಾತು ಇದು. ಆದರೆ ಎದುರಿಗೆ ಕೂತರೆ ನನ್ನ ಬಾಯಿಂದ ಹೊರಡುವುದಿಲ್ಲ.

ನಿನ್ನೆ ಬೆಳಿಗ್ಗೆ ಗುಬ್ಬಿಯ ಎಡಗೆನ್ನೆ ಕೆಂಪಗಿತ್ತು. ಏನೇ ಇದು ಎಂದು ಕೇಳಿದೆ. ಬಾಗಿಲು ತಗುಲಿತು ಅಂದಳು. ಬಾಗಿಲಿಗೆ ನಾಲ್ಕು ಬೆರಳು ಇರುವುದಿಲ್ಲ ಅಕ್ಕ. ಒಂಬತ್ತು ವರ್ಷದಲ್ಲಿ ನೀನು ಮಗಳ ಮೇಲೆ ಕೈ ಎತ್ತಿದ್ದನ್ನು ನಾನು ಕಂಡಿಲ್ಲ. ಭಾವ ತೀರಿಕೊಂಡ ವರ್ಷ, ಅವಳು ಇಡೀ ದಿನ ರಚ್ಚೆ ಹಿಡಿದು ಅಳುತ್ತಿದ್ದಾಗಲೂ ಎತ್ತಲಿಲ್ಲ. ಮೀಟಿಂಗಿನಲ್ಲಿ ಅವರು ಹೇಳಿದ ಒಂದು ಮಾತು ಮಾತ್ರ ನಿನ್ನ ತಲೆಗೆ ಸರಿಯಾಗಿ ಹೋಗಿದೆ ಎಂದು ನನಗೆ ಆಗ ಗೊತ್ತಾಯಿತು. "ಓದೋಕೆ ಬರುತ್ತೆ, ಮನಸ್ಸಿಲ್ಲ" ಅಂದರಲ್ಲ, ಆ ಮಾತು. ಅದು ಸುಳ್ಳು. ಅವರು ಬೇಕೆಂದು ಹೇಳಿದ ಸುಳ್ಳಲ್ಲ. ಅವರ ಕೈಗೆ ಆ ಸುಳ್ಳನ್ನು ಕೊಟ್ಟವಳು ನಾನು.

ಮೊದಲಿನಿಂದ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಮೂರು ಮೆಟ್ಟಿಲು ಅಂತ ಇದೆ. ನಿನ್ನ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯ ಲೆಕ್ಕದಲ್ಲಿ ಹೇಳಿದರೆ ನಿನಗೆ ಬೇಗ ತಿಳಿಯುತ್ತದೆ. ಎಲ್ಲ ಬಟ್ಟೆಯೂ ಮೊದಲು ದೊಡ್ಡ ಯಂತ್ರಕ್ಕೆ ಹೋಗುತ್ತದಲ್ಲ, ಅದು ಮೊದಲನೇ ಮೆಟ್ಟಿಲು. ಇಡೀ ತರಗತಿ, ಒಬ್ಬ ಟೀಚರ್, ಎಲ್ಲರಿಗೂ ಒಂದೇ ಪಾಠ. ಕಲೆ ಬಿಡದ ಬಟ್ಟೆಯನ್ನು ಬೇರೆ ತೊಟ್ಟಿಯಲ್ಲಿ ನೆನೆಹಾಕುತ್ತೀರಿ, ಅದು ಎರಡನೇ ಮೆಟ್ಟಿಲು. ಐದು ಮಕ್ಕಳು, ಈ ದುಂಡು ಮೇಜು, ದಿನಕ್ಕೆ ಅರ್ಧ ಗಂಟೆ, ನಾನು. ಅದಕ್ಕೂ ಜಗ್ಗದ್ದನ್ನು ಒಂದೊಂದಾಗಿ ಕೈಯಲ್ಲಿ ಉಜ್ಜುತ್ತೀರಿ. ಅದು ಮೂರನೇದು. ಎದುರು ಕೋಣೆಯ ಟೀಚರ್ ಹತ್ತಿರ ಒಂದು ಸಲಕ್ಕೆ ಒಂದೇ ಮಗು, ದಿನಾ ಮುಕ್ಕಾಲು ಗಂಟೆ. ಅವರ ಹತ್ತಿರ ಇರುವುದೇ ಆರು ಜಾಗ. ಅವರು ಕಲಿಸಿದ ಮಕ್ಕಳು ಓದುತ್ತಾರೆ, ಅದನ್ನು ನಾನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ.

ಯಾವ ಮಗು ಯಾವ ಮೆಟ್ಟಿಲಲ್ಲಿ ಇರಬೇಕು ಎನ್ನುವುದನ್ನು ನಾವು ನಮ್ಮ ಮನಸ್ಸಿಗೆ ತೋಚಿದ ಹಾಗೆ ಹೇಳುವಂತಿಲ್ಲ. ಪ್ರತಿ ಶುಕ್ರವಾರ ಒಂದು ನಿಮಿಷದ ಓದು. ಮಗುವಿನ ಮುಂದೆ ಒಂದು ಹಾಳೆ, ನನ್ನ ಮುಂದೆ ಅದೇ ಹಾಳೆ, ಕೈಯಲ್ಲಿ ಗಡಿಯಾರ. ನಿಮಿಷದಲ್ಲಿ ಎಷ್ಟು ಪದ ಸರಿಯಾಗಿ ಓದಿತೋ ಎಣಿಸಿ ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕಿ ಇಡುತ್ತೇನೆ. ಯಾವ ವಾರಕ್ಕೆ ಮಗು ಎಷ್ಟು ಓದಬೇಕು ಎಂದು ತೋರಿಸಲು ಅದೇ ಹಾಳೆಯಲ್ಲಿ ಓರೆಯಾಗಿ ಮೇಲೇರುವ ಒಂದು ಗೆರೆ ಇರುತ್ತದೆ. ನಾಲ್ಕು ವಾರ ಒಂದೇ ಸಮನೆ ಚುಕ್ಕಿ ಗೆರೆಯ ಕೆಳಗೆ ಬಿದ್ದರೆ ಮಗುವಿಗೆ ಮೂರನೇ ಮೆಟ್ಟಿಲು. ನಾಲ್ಕು ವಾರ ಮೇಲೆ ಬಿದ್ದರೆ ವಾಪಸ್ಸು ತರಗತಿಗೆ. ಇದನ್ನೆಲ್ಲ ನೋಡಿಕೊಳ್ಳುವವರು ನೀನು ಮೊನ್ನೆ ಕಂಡ ದಪ್ಪ ಮೀಸೆಯವರು, ಅಂಗಿಯ ಜೇಬಿನಲ್ಲಿ ಸ್ಕೇಲ್ ಇಟ್ಟುಕೊಂಡು ಓಡಾಡುವವರು. ಮಕ್ಕಳು ಅವರನ್ನು ಗ್ರಾಫ್ ಮೇಷ್ಟ್ರು ಅನ್ನುತ್ತಾರೆ. ಕೆಟ್ಟವರಲ್ಲ. ಮಗುವಿನ ಹೆಸರು ಮರೆತರೂ ಚುಕ್ಕಿ ಮರೆಯುವುದಿಲ್ಲ, ಅಷ್ಟೇ.

ಗುಬ್ಬಿ ವರ್ಷದ ಮೊದಲ ತಿಂಗಳಲ್ಲೇ ನನ್ನ ಮೇಜಿಗೆ ಬಂದಳು. ಅಕ್ಕನ ಮಗಳನ್ನು ನಾನೇ ಅಳೆಯಬಾರದು ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಎರಡನೇ ಮೆಟ್ಟಿಲಿಗೆ ಇರುವವಳೇ ನಾನೊಬ್ಬಳು. ಮೊದಲ ಮೂರು ವಾರ ಅವಳ ಚುಕ್ಕಿ ನೆಲಕ್ಕೆ ಅಂಟಿಕೊಂಡಿತ್ತು. ಆಮೇಲೆ ಏರತೊಡಗಿತು. ನಲವತ್ತೊಂಬತ್ತು, ಐವತ್ತೆಂಟು, ಅರವತ್ತೊಂದು. ನಿನಗೆ ಫೋನ್ ಮಾಡಿ ಹೇಳಿದ್ದೆ, ನೆನಪಿದೆಯಾ. ಆ ಕಡೆ ಯಂತ್ರದ ಸದ್ದಿನಲ್ಲಿ ನೀನು, "ಇನ್ನೊಂದ್ಸಲ ಹೇಳೇ, ಎಷ್ಟು ಅಂದೆ?" ಎಂದು ಮೂರು ಸಲ ಕೇಳಿದೆ. ಕೇಳಿಸದೆ ಕೇಳಿದ್ದಲ್ಲ ಅದು. ನಾಲ್ಕು ವಾರ ಗೆರೆಯ ಮೇಲೆ ಬಂದಳು, ನಿಯಮದ ಪ್ರಕಾರ ತರಗತಿಗೆ ವಾಪಸ್ಸು ಕಳಿಸಿದೆವು. ಇಷ್ಟೇ ನಡೆದದ್ದು ಎಂದು ಇಲ್ಲಿಗೆ ನಿಲ್ಲಿಸಿಬಿಡಬಹುದು. ಆರು ತಿಂಗಳಿಂದ ನಿನ್ನ ಮುಂದೆ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೇನೆ.

ಮಗು ಓದುವಾಗ ಒಂದು ಪದಕ್ಕೆ ತಡವರಿಸಿದರೆ ನಾವು ಮೂರು ಸೆಕೆಂಡ್ ಸುಮ್ಮನಿರಬೇಕು. ಮನಸ್ಸಿನಲ್ಲೇ ಒಂದು, ಎರಡು, ಮೂರು. ಆಗಲೂ ಬರದಿದ್ದರೆ ಪದ ಹೇಳಿಕೊಟ್ಟು, ಹಾಳೆಯಲ್ಲಿ ಅದಕ್ಕೆ ಗೆರೆ ಎಳೆದು ಮುಂದೆ ಹೋಗಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸಿದ್ದೇ ಇದನ್ನು. ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ನೀನು ಒಂದು ಸಲ ಮಾಡಿ ನೋಡು. ಎದುರಿಗಿರುವ ಮಗು ಪದದ ಮೊದಲ ಅಕ್ಷರದ ಮೇಲೆ ಬೆರಳಿಟ್ಟು ಬೆವರುತ್ತಿರುವಾಗ ಮೂರು ಸೆಕೆಂಡ್ ಬಾಯಿಗೆ ಬೀಗ ಹಾಕಿಕೊಂಡು ಕೂರುವ ಕರ್ಮ ಯಾರಿಗೂ ಬೇಡ. ನಾನು ಸದ್ದು ಮಾಡುತ್ತಿರಲಿಲ್ಲ, ಅದು ನಿಜ. ನನ್ನ ತುಟಿ ಸುಮ್ಮನಿರುತ್ತಿರಲಿಲ್ಲ. ಆ ಪದವನ್ನು ಅವು ತಾವಾಗಿಯೇ ಆಡುತ್ತಿದ್ದವು. ನನಗೆ ಗೊತ್ತೇ ಇರಲಿಲ್ಲ.

ಗುಬ್ಬಿಗೆ ಗೊತ್ತಿತ್ತು. ವಾರವಿಡೀ ಓದಿ ಬಾಯಿಪಾಠವಾದ ಚಿಕ್ಕ ಪದಗಳನ್ನು ಗಡಗಡನೆ ಹೇಳುವುದು, ದೊಡ್ಡ ಪದ ಬಂದಾಗ ಕಣ್ಣೆತ್ತಿ ನನ್ನ ಮುಖ ನೋಡುವುದು, ಮತ್ತೆ ತಲೆ ಬಗ್ಗಿಸುವುದು. ಚಿಕ್ಕಮ್ಮನ ಮುಖ ನೋಡಿದರೆ ಮಗುವಿಗೆ ಧೈರ್ಯ ಬರುತ್ತದೆ ಎಂದುಕೊಂಡು ನಾನು ಒಳಗೊಳಗೇ ಬೀಗುತ್ತಿದ್ದೆ.

ನಾಲ್ಕನೇ ಚುಕ್ಕಿ ಇಡಬೇಕಾಗಿದ್ದ ಶುಕ್ರವಾರ ನನಗೆ ನೆಗಡಿ ಜೋರಾಗಿತ್ತು. ಮಕ್ಕಳಿಗೆ ಹತ್ತದಿರಲಿ ಎಂದು ಮಾಸ್ಕ್ ಹಾಕಿಕೊಂಡು ಬಂದಿದ್ದೆ. ಉಳಿದ ನಾಲ್ವರೂ ಯಾವಾಗಿನ ಹಾಗೆ ಓದಿದರು, ಒಂದೆರಡು ಪದ ಹೆಚ್ಚು ಕಡಿಮೆ. ಗುಬ್ಬಿ ಇಪ್ಪತ್ತೊಂದಕ್ಕೆ ನಿಂತಳು. ಗಡಿಯಾರ ಇನ್ನೂ ಓಡುತ್ತಿತ್ತು. ಅವಳು ಹಾಳೆಯಿಂದ ಬೆರಳು ತೆಗೆದು ನನ್ನನ್ನೇ ನೋಡುತ್ತಾ, "ಚಿಕ್ಕಮ್ಮ, ಅದನ್ನ ಕೆಳಗೆ ಎಳ್ಕೊ. ನಂಗೆ ಓದೋಕಾಗ್ತಿಲ್ಲ" ಅಂದಳು.

ನಾನು ನಕ್ಕುಬಿಟ್ಟೆ ಅಕ್ಕ. ಶಾಲೆಯಲ್ಲಿ ಟೀಚರ್ ಅನ್ನು ಎಂದು ಎಷ್ಟು ಸಲ ಹೇಳಿದರೂ ಚಿಕ್ಕಮ್ಮ ಅನ್ನುತ್ತಾಳಲ್ಲ ಎಂದು ನಕ್ಕೆ. ಮಾಸ್ಕ್ ನೋಡಿ ಹೆದರಿರಬೇಕು ಎಂದುಕೊಂಡೆ. ಮಗುವಿಗೆ ಹುಷಾರಿಲ್ಲದ ದಿನ ಓದಿದ್ದನ್ನು ಬಿಟ್ಟು ಮತ್ತೊಂದು ದಿನ ಓದಿಸಬಹುದು ಎನ್ನುವ ನಿಯಮವಿದೆ. ಹುಷಾರಿಲ್ಲದೆ ಇದ್ದದ್ದು ನನಗೆ. ಆದರೂ ಇಪ್ಪತ್ತೊಂದನ್ನು ಹಾಕದೆ ಗೈರುಹಾಜರಿ ಎಂದು ಬರೆದೆ. ಸೋಮವಾರ ಮಾಸ್ಕ್ ಇಲ್ಲದೆ ಓದಿಸಿದೆ, ಅರವತ್ನಾಲ್ಕು ಬಂತು, ಚುಕ್ಕಿ ಇಟ್ಟೆ.

ಆದರೆ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮಂಗಳವಾರ ಬೆಳಿಗ್ಗೆ ಅವಳೊಬ್ಬಳನ್ನೇ ಕರೆದು ಕೂರಿಸಿಕೊಂಡು, ನನ್ನ ಹಾಳೆಯನ್ನು ಮೂಗಿನವರೆಗೆ ಎತ್ತಿ ಹಿಡಿದು ಓದು ಅಂದೆ. ಹತ್ತೊಂಬತ್ತು. ಹಾಳೆ ಇಳಿಸಿ ಇನ್ನೊಂದು ಕೊಟ್ಟೆ. ಅರವತ್ತೆರಡು. ಮೂರನೇ ಸಲ ಮತ್ತೆ ಹಾಳೆ ಎತ್ತಿದಾಗ ಅವಳು ಓದಲೇ ಇಲ್ಲ. ಕಾಲು ಆಡಿಸುತ್ತಾ, "ನಂಗೆ ಬೈತೀಯಾ?" ಎಂದು ಕೇಳಿದಳು. ಬೈಯುವುದಿಲ್ಲ ಅಂದೆ.

ಮರುದಿನ ಬುಧವಾರ ನೀನು ಸಹಿ ಹಾಕಲು ಬಂದೆ. ಕೆಲಸದ ಅಂಗಿಯಲ್ಲೇ ಬಂದಿದ್ದೆ, ತೋಳು ಇನ್ನೂ ಒದ್ದೆ, ಮೈಯಿಂದ ಗಂಜಿಯ ವಾಸನೆ. ಕುರ್ಚಿಯ ತುದಿಯಲ್ಲಿ ಕೂತು, "ಕನ್ನಡಕ ಮರೆತು ಬಂದೆ ನೋಡು, ನೀನೇ ಓದಿಬಿಡು" ಅಂದೆ. ನಾನು ಆ ಹಾಳೆ ಓದಿದೆ. ನಿಮ್ಮ ಮಗು ಚೆನ್ನಾಗಿ ಮುಂದೆ ಬಂದಿದೆ, ಹೆಚ್ಚಿನ ನೆರವು ಇನ್ನು ಬೇಕಾಗಿಲ್ಲ, ತರಗತಿಗೆ ವಾಪಸ್ಸು ಕಳಿಸುತ್ತಿದ್ದೇವೆ. ನೀನು ಕಣ್ಣೊರೆಸಿಕೊಂಡೆ. "ನನ್ನ ಹಾಗಾಗ್ಲಿಲ್ಲ ಬಿಡು" ಅಂದೆ. ಆ ಹಾಳೆಯ ಕೊನೆಯಲ್ಲಿ ಇನ್ನೂ ಒಂದು ಸಾಲು ಇತ್ತು ಅಕ್ಕ. ಅದನ್ನು ನಾನು ಓದಲಿಲ್ಲ.

ತಂದೆ ತಾಯಿಗೆ ಈ ತೀರ್ಮಾನ ಒಪ್ಪಿಗೆಯಿಲ್ಲದಿದ್ದರೆ ಹತ್ತು ದಿನದೊಳಗೆ ಒಂದು ಸಾಲು ಬರೆದುಕೊಟ್ಟರೆ ಸಾಕು, ಹೊರಗಿನವರೊಬ್ಬರು ಬಂದು ಮಗುವನ್ನು ಹೊಸದಾಗಿ ಓದಿಸಿ ನೋಡಬೇಕು. ಇದು ಆ ಸಾಲು.

ಯಾಕೆ ಬಿಟ್ಟೆ ಎಂದು ಕೇಳುತ್ತೀಯ. ನಿನ್ನ ಖುಷಿಗೆ ಕಲ್ಲು ಹಾಕಲು ಮನಸ್ಸಾಗಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಇರಬಹುದು, ಕಾಲು ಭಾಗ. ಉಳಿದ ಮುಕ್ಕಾಲು ಹೆದರಿಕೆ. ಹೊರಗಿನವರು ಬಂದರೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಗುಬ್ಬಿಯದು ಗೊತ್ತಾದರೆ ಉಳಿದ ನಾಲ್ವರನ್ನು ನೋಡುತ್ತಾರೆ. ಆಮೇಲೆ ಹೋದ ವರ್ಷದವರನ್ನು. ಹದಿನಾಲ್ಕು ವರ್ಷದಿಂದ ಈ ಮೇಜಿನ ಸುತ್ತ ಕೂತು, ಗೆರೆ ದಾಟಿದರು ಎಂದು ನಾನು ಬೆನ್ನು ತಟ್ಟಿ ಕಳಿಸಿದ ಮಕ್ಕಳಲ್ಲಿ ಎಷ್ಟು ಜನ ಹಾಳೆ ಓದಿದರು, ಎಷ್ಟು ಜನ ನನ್ನ ಮುಖ ಓದಿದರು? ನಮ್ಮ ಬೀದಿ ಕೊನೆಯ ಔಷಧಿ ಅಂಗಡಿಯಲ್ಲಿ ಒಬ್ಬ ಹುಡುಗಿ ಕೆಲಸಕ್ಕಿದ್ದಾಳೆ. ನನ್ನ ಹತ್ತಿರ ಕಲಿತವಳು, ಕಂಡಾಗಲೆಲ್ಲ ಎದ್ದು ನಿಂತು ಟೀಚರ್ ಅನ್ನುತ್ತಾಳೆ. ಔಷಧಿ ಚೀಟಿ ಕೊಟ್ಟರೆ ಒಳಗೆ ಒಯ್ದು ಇನ್ನೊಬ್ಬರಿಗೆ ತೋರಿಸಿ ಬರುತ್ತಾಳೆ. ಮೊದಲು ಅದು ಅಂಗಡಿಯ ಪದ್ಧತಿ ಎಂದುಕೊಂಡಿದ್ದೆ. ಈಗ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ತರಗತಿಗೆ ವಾಪಸ್ಸು ಹೋದ ಮೇಲೆ ಏನಾಯಿತು ಎನ್ನುವುದು ನಿನಗೇ ಗೊತ್ತು. ಮೊದಲನೇ ಮೆಟ್ಟಿಲಲ್ಲಿ ಶುಕ್ರವಾರದ ಓದು ಇಲ್ಲ. ನಲವತ್ತು ಮಕ್ಕಳ ನಡುವೆ ಅವಳ ಬಾಯಿ ಕಡೆ ನೋಡುವವರಿಲ್ಲ, ಅವಳು ನೋಡುವುದಕ್ಕೆ ನನ್ನ ಬಾಯಿಯೂ ಇಲ್ಲ. ಓದಿನ ಪಿರಿಯಡ್ ಬಂದರೆ ಹೊಟ್ಟೆನೋವು. ಕ್ಲಾಸ್ ಟೀಚರ್ ಅವಳನ್ನು ಮೂರು ಸಲ ಟಾಯ್ಲೆಟ್ಟಿನಿಂದ ಹುಡುಕಿ ತಂದರು. ಹೋದ ತಿಂಗಳು ಪುಸ್ತಕದ ಎರಡು ಹಾಳೆ ಹರಿದು ಬಾಯಿಗೆ ತುರುಕಿಕೊಂಡಳಂತೆ. ಆ ದಿನ ಅವಳ ಸರದಿ ಬರಬೇಕಾಗಿದ್ದ ಪಾಠದ ಹಾಳೆಗಳು ಅವು. ಅವಳ ಬಾಯಿಯಿಂದ ಕಾಗದದ ಉಂಡೆ ತೆಗೆಸಿದ ಕ್ಲಾಸ್ ಟೀಚರ್ ಸ್ಟಾಫ್ ರೂಮಿನಲ್ಲಿ ಅದನ್ನು ನಗುತ್ತಾ ಹೇಳಿದರು. ಎಲ್ಲರ ಜೊತೆ ನಾನೂ ನಕ್ಕೆ.

ಹೋದ ವಾರ ಗ್ರಾಫ್ ಮೇಷ್ಟ್ರು ತಾವೇ ಅವಳನ್ನು ಓದಿಸಿದರು. ಅವರ ಮೀಸೆಯೊಳಗೆ ತುಟಿ ಎಲ್ಲಿದೆಯೋ ದೇವರಿಗೇ ಗೊತ್ತು. ಹದಿನೇಳು ಬಂತು. ಅವರು ಹಳೆಯ ಗ್ರಾಫ್ ತೆಗೆದು ನೋಡಿದರು. ಅಲ್ಲಿ ನನ್ನ ಚುಕ್ಕಿಗಳು ಸಾಲಾಗಿ ಗೆರೆಯ ಮೇಲೆ ಕೂತಿವೆ. ಅರವತ್ನಾಲ್ಕು ಪದ ಓದುತ್ತಿದ್ದ ಮಗು ಹದಿನೇಳಕ್ಕೆ ಬಿದ್ದಿದೆ ಎಂದರೆ ಅವರ ಜಾಗದಲ್ಲಿ ಯಾರಿದ್ದರೂ ಏನು ಹೇಳುತ್ತಿದ್ದರು? ಬರುತ್ತದೆ, ಮಾಡುತ್ತಿಲ್ಲ. ಮನೆಯಲ್ಲಿ ಯಾರೂ ಕೂತು ಓದಿಸುತ್ತಿಲ್ಲ. ಮೊನ್ನೆ ನಿನ್ನ ಮುಖಕ್ಕೇ ಹೇಳಿದರಲ್ಲ. ನೀನು ತಲೆ ತಗ್ಗಿಸಿ, ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ, "ಕೆಲ್ಸ ಮುಗಿಸ್ಕೊಂಡು ಬರೋ ಹೊತ್ತಿಗೆ ಸಾಕಾಗಿರುತ್ತೆ ಸಾರ್, ಇನ್ಮೇಲೆ ಓದಿಸ್ತೀನಿ" ಅಂದೆ. ನಾನು ನಿನ್ನ ಪಕ್ಕದಲ್ಲೇ ಇದ್ದೆ. ನೀರಿನ ಲೋಟ ನಿನ್ನ ಕಡೆ ಸರಿಸಿದೆ. ಆ ಮೀಟಿಂಗಿನಲ್ಲಿ ನಾನು ಮಾಡಿದ ಒಂದೇ ಉಪಕಾರ ಅದು.

ಅವರ ತೀರ್ಮಾನವನ್ನು ಈಗ ಬಿಡಿಸಿ ಹೇಳುತ್ತೇನೆ, ನೀನು ಕೇಳಿದ್ದು ಅದನ್ನೇ ತಾನೇ. ಗುಬ್ಬಿಗೆ ಮೂರನೇ ಮೆಟ್ಟಿಲು ಇಲ್ಲ. ಮತ್ತೆ ನನ್ನ ಮೇಜಿಗೇ ಬರಬೇಕು, ಎರಡನೇ ಸಲ ಬಂದವರಿಗೆ ನಾಲ್ಕು ಸಾಲದು ಎಂದು ಎಂಟು ಶುಕ್ರವಾರ ಓದಬೇಕು, ಆಮೇಲೆ ನೋಡೋಣ. ಶಾಲೆಯ ವರ್ಷ ಮುಗಿಯಲು ಉಳಿದಿರುವುದು ಆರು ಶುಕ್ರವಾರ. ನಮ್ಮಲ್ಲಿ ನಾಲ್ಕನೇ ತರಗತಿಯೇ ಕೊನೆ. ಮುಂದಿನ ವರ್ಷ ಅವಳು ಹೋಗುವ ದೊಡ್ಡ ಶಾಲೆಯಲ್ಲಿ ಮೆಟ್ಟಿಲೂ ಇಲ್ಲ, ದುಂಡು ಮೇಜೂ ಇಲ್ಲ. ಇಲ್ಲಿಂದ ಹೋಗುವ ಫೈಲಿನಲ್ಲಿ ಮೂರನೇ ಮೆಟ್ಟಿಲು ಎಂದು ಬರೆದಿದ್ದರೆ ಮಾತ್ರ ಅಲ್ಲಿ ಅವಳಿಗೆಂದೇ ಒಬ್ಬ ಟೀಚರ್ ಕೊಡಬೇಕು. ಈಗ ಫೈಲಿನಲ್ಲಿ ಬರೆದಿರುವುದನ್ನು ನಾನು ಕಣ್ಣಾರೆ ನೋಡಿದೆ. ಓದಬಲ್ಲಳು, ಆಸಕ್ತಿ ಇಲ್ಲ. ಐದು ಪದವೂ ಇಲ್ಲದ ಆ ಮಾತು ಅವಳ ಹಿಂದೆಯೇ ಹೋಗುತ್ತದೆ, ವರ್ಷ ವರ್ಷವೂ. ಪ್ರತಿ ಹೊಸ ಟೀಚರೂ ಮೊದಲು ಅದನ್ನು ಓದುತ್ತಾರೆ, ಆಮೇಲೆ ಇವಳ ಮುಖ ನೋಡುತ್ತಾರೆ.

ಮಂಗಳವಾರ ನೀನು ಸಹಿ ಹಾಕಿದ ಹಾಳೆಯ ಕೊನೆಯಲ್ಲೂ ಆ ಹತ್ತು ದಿನದ ಸಾಲು ಇತ್ತು. ಆ ದಿನವೂ ನಿನ್ನ ಕನ್ನಡಕ ಮನೆಯಲ್ಲಿತ್ತು. ಆ ದಿನವೂ ನಾನೇ ಓದಿದೆ, ಆ ದಿನವೂ ಆ ಸಾಲು ಬಿಟ್ಟೆ. ಮೊದಲ ಸಲ ಗಾಬರಿಯಲ್ಲಿ ಆಯಿತು ಎಂದುಕೋ. ಎರಡನೇ ಸಲಕ್ಕೆ ಯಾವ ನೆಪವೂ ನನ್ನ ಹತ್ತಿರ ಇಲ್ಲ.

ಹಾಗಾದರೆ ನೀನೇ ಹೋಗಿ ಹೇಳಬಹುದಲ್ಲ ಎನ್ನುತ್ತೀಯ. ನಿನ್ನೆ ಆ ಕೆನ್ನೆ ನೋಡಿದ ಮೇಲೆ ಗ್ರಾಫ್ ಮೇಷ್ಟ್ರ ಕೋಣೆಗೆ ಹೋದೆ. ಅವರು ಪೆನ್ಸಿಲ್ ಹೆರೆಯುತ್ತಾ ಕೂತಿದ್ದರು, ಹೊಟ್ಟನ್ನು ಒಂದು ಮುಚ್ಚಳದಲ್ಲಿ ಕೂಡಿಹಾಕುತ್ತಾ. "ಏನ್ ಟೀಚರ್, ಮುಖ ಬಾಡಿದೆ?" ಎಂದು ಕೇಳಿದರು. ಗ್ರಾಫ್ ಹಾಳೆ ಮುಗಿದಿದೆ, ಬೇಕಿತ್ತು ಅಂದೆ. ಐದು ಕೇಳಿದ್ದಕ್ಕೆ ಹತ್ತು ಎಣಿಸಿ ಕೊಟ್ಟರು. ನಿಮ್ಮ ಮೇಜಿನ ಮಕ್ಕಳಷ್ಟು ಬೇಗ ಗೆರೆ ದಾಟುವವರು ಯಾವ ಶಾಲೆಯಲ್ಲೂ ಇಲ್ಲ ಎಂದು ಹೊಗಳಿದರು. ಹಾಳೆ ತೆಗೆದುಕೊಂಡು ಬಂದೆ. ಇದನ್ನು ಬರೆಯುತ್ತಿರುವುದು ಅದೇ ಹಾಳೆಗಳ ಹಿಂಬದಿಯಲ್ಲೇ.

ನಾಳೆ ಮತ್ತೆ ಶುಕ್ರವಾರ. ಗುಬ್ಬಿ ಈ ಕುರ್ಚಿಯಲ್ಲಿ ಕೂರುತ್ತಾಳೆ, ಗ್ರಾಫಿನ ಚೌಕಳಿಯಲ್ಲಿ ಹೊಸ ಗೆರೆ, ಹೊಸ ಮೊದಲ ಚುಕ್ಕಿ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂರುತ್ತೇನೆ ಎಂದು ನಿರ್ಧರಿಸಿದ್ದೇನೆ. ಅದರಿಂದ ಈಗ ಅವಳಿಗೆ ಆಗಬೇಕಾದದ್ದೇನೂ ಇಲ್ಲ, ಚುಕ್ಕಿ ಕೆಳಗೆ ಬಿದ್ದರೆ ಆಸಕ್ತಿ ಇಲ್ಲ ಎನ್ನುವ ಮಾತೇ ಗಟ್ಟಿಯಾಗುತ್ತದೆ. ಮೇಲೆ ಬಿದ್ದರೂ ಅಷ್ಟೇ, ನೋಡಿ, ಓದಲು ಬರುತ್ತದೆ ಅನ್ನುತ್ತಾರೆ. ಎರಡು ಕಡೆಯ ಬಾಗಿಲನ್ನೂ ನಾನೇ ಮುಚ್ಚಿ ಬಂದಿದ್ದೇನೆ. ಉಳಿದಿರುವುದು ಒಂದೇ, ನೀನು ಬರೆಯುವ ಒಂದು ಸಾಲು. ಒಪ್ಪಿಗೆ ಇಲ್ಲ, ಹೊಸದಾಗಿ ನೋಡಿ. ಅಷ್ಟು ಬರೆದು ಸಹಿ ಹಾಕಿ ಮುಂದಿನ ವಾರದ ಶುಕ್ರವಾರ ಸಂಜೆಯೊಳಗೆ ಆಫೀಸಿನಲ್ಲಿ ಕೊಡು. ನನ್ನ ಕೆಲಸದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಆಮೇಲೆ ನನ್ನ ಮುಖ ನೋಡುವುದು ಬಿಡುವುದು ನಿನಗೆ ಬಿಟ್ಟದ್ದು.

ಗುಬ್ಬಿಗೆ ಮಾತ್ರ ಹೊಡೆಯಬೇಡ ಅಕ್ಕ. ಅವಳು ಸೋಮಾರಿಯಲ್ಲ. ನಿಮಿಷಕ್ಕೆ ಅರವತ್ತು ಪದವನ್ನು ಒಬ್ಬರ ಮುಖದಿಂದ ಹೆಕ್ಕುವುದು ಎಷ್ಟು ಕಷ್ಟದ ಕೆಲಸ ಎಂದು ಯೋಚಿಸು. ಇಡೀ ಶಾಲೆಯಲ್ಲಿ ಅವಳಷ್ಟು ದುಡಿದ ಮಗು ಇನ್ನೊಂದಿಲ್ಲ.

ಕಾಗದವನ್ನು ನಾಳೆ ಅವಳ ಬ್ಯಾಗಿನ ಒಳಜೇಬಿನಲ್ಲಿ ಇಡುತ್ತೇನೆ, ಲಕೋಟೆ ಅಂಟಿಸಿ. ಕನ್ನಡಕ ಹಾಕಿಕೊಂಡು, ಒಬ್ಬಳೇ ಕೂತು ಓದು. ಬೇರೆ ಯಾರ ಕೈಗೂ ಕೊಡಬೇಡ.

ನಿನ್ನ
ಪಂಡಿತೆ

ಇನ್ನೊಂದು ಮಾತು. ಸಹಿ ಮಾಡಿ ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ಹೊರಗೆ ತೆಗೆದೆ. ಇಷ್ಟನ್ನೂ ಬರೆಯುವ ಧೈರ್ಯ ನನಗೆ ಎಲ್ಲಿಂದ ಬಂತು ಎನ್ನುವುದನ್ನೂ ಬರೆದುಬಿಡಬೇಕು.

ನಿನಗೆ ಕನ್ನಡಕವೇ ಇಲ್ಲ ಅಕ್ಕ. ಯಾವತ್ತೂ ಇರಲಿಲ್ಲ. ವಾರ್ಡಿನ ಹೆಸರು ಬರೆದ ಚೀಟಿಗಳ ಬದಲು ಬಟ್ಟೆಯ ಗಂಟುಗಳಿಗೆ ಬಣ್ಣಬಣ್ಣದ ದಾರ ಕಟ್ಟುವ ಪದ್ಧತಿ ನೀನು ತಂದೆ, ಸೂಪರ್‌ವೈಸರ್ ಹೊಗಳಿದರು, ಆವತ್ತು ನಾನು ಚಪ್ಪಾಳೆ ತಟ್ಟಿದೆ. ಯಾಕೆ ತಂದೆ ಎಂದು ಕೇಳಲಿಲ್ಲ. ಅಮ್ಮ ಸತ್ತ ಮೇಲೆ ತಂಗಿಯನ್ನು ನೋಡಿಕೊಳ್ಳಲು ಶಾಲೆ ಬಿಟ್ಟಳು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಎರಡು ಸಲ ಫೇಲಾಗಿ ನೀನು ನನ್ನ ತರಗತಿಯಲ್ಲೇ ಕೂತಿದ್ದೆ. ಮೇಷ್ಟ್ರು ನಿನ್ನನ್ನು ಓದಲು ನಿಲ್ಲಿಸಿದಾಗ, ಏಟು ಬೀಳದಿರಲಿ ಎಂದು ಎದುರು ಬೆಂಚಿನಿಂದ ನಾನು ಸದ್ದಿಲ್ಲದೆ ಒಂದೊಂದೇ ಪದ ಆಡುತ್ತಿದ್ದೆ. ನೀನು ನೋಡಿಕೊಂಡು ಹೇಳುತ್ತಿದ್ದೆ. ನನ್ನ ತುಟಿ ಈ ಕೆಲಸ ಕಲಿತದ್ದು ಅಲ್ಲಿ.

ಮನೆ ಬಾಡಿಗೆಯ ಕರಾರು, ಆಸ್ಪತ್ರೆಯ ನೋಟಿಸು, ಭಾವನ ಸಾವಿನ ಸರ್ಟಿಫಿಕೇಟು, ನಿನ್ನ ಹೆಸರಿಗೆ ಬಂದ ಪ್ರತಿಯೊಂದು ಕಾಗದವನ್ನೂ ನೀನು ತಂದದ್ದು ನನ್ನ ಹತ್ತಿರ. ಇದನ್ನೂ ತರುತ್ತೀಯ. ಭಾನುವಾರ ನಾನು ಮನೆಗೆ ಬಂದಾಗ ಲಕೋಟೆ ಕೈಗೆ ಕೊಟ್ಟು, "ಕಣ್ಣೆಲ್ಲ ಉರೀತಿದೆ, ನೀನೇ ಓದಿಬಿಡು" ಅನ್ನುತ್ತೀಯ. ಆಗ ಇದರಲ್ಲಿ ಎಷ್ಟು ಸಾಲು ಓದುತ್ತೇನೋ ನನಗೆ ಗೊತ್ತಿಲ್ಲ. ಎದುರಿಗೆ ಗುಬ್ಬಿ ಕೂತಿರುತ್ತಾಳೆ, ನನ್ನ ಬಾಯಿಯನ್ನೇ ನೋಡುತ್ತಾ.